ಡ್ರೈವರ್ ತಾತ ಕಂಡ ದೃಶ್ಯ

ನಿರ್ದೇಶಕರು ಎಲ್ಲರನ್ನೂ ಮೀಟಿಂಗ್ ರೂಮಿಗೆ ಕರೆದು ಬಾಗಿಲು ಹಾಕಿಸಿದರು. ಗೋಡೆಯ ಮೇಲಿನ ಪರದೆಯಲ್ಲಿ ನನ್ನ ಅಪ್ಪನ ಮುಖ ಇತ್ತು.

"ಡ್ರೈವರ್ ತಾತ ನಮ್ಮ ಎಪಿಸೋಡ್ ಬಗ್ಗೆ ಮಾತಾಡಿದಾರೆ. ಬೆಳಿಗ್ಗೆಯಿಂದ ಜನ ಇದನ್ನೇ ನೋಡ್ತಿದಾರಂತೆ, ಚಾನೆಲ್‌ನೋರೂ ಫೋನ್ ಮಾಡಿದ್ರು. ನಾನಿನ್ನೂ ನೋಡಿಲ್ಲ. ಹೊಗಳಿದ್ರೆ ಎಲ್ಲರಿಗೂ, ಉಗಿದ್ರೂ ಎಲ್ಲರಿಗೂ, ಒಟ್ಟಿಗೇ ನೋಡೋಣ," ಎಂದರು.

ಟೀವಿಯಲ್ಲಿ ಬಂದದ್ದರ ಬಗ್ಗೆ ಮೊಬೈಲಿನಲ್ಲಿ ವಿಡಿಯೋ ಮಾಡಿ ಹಾಕುವ ಆ ತಾತ ನನ್ನ ಅಪ್ಪ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳುವಂತೆಯೂ ಇರಲಿಲ್ಲ. ನಮ್ಮದು ಗ್ರೀಕ್ ಪುರಾಣದ ಕಥೆಗಳನ್ನು ಕಾರ್ಟೂನ್ ಮಾಡಿ ಟೀವಿಗೆ ಕೊಡುವ ಕಂಪನಿ. ಟೀವಿಯಲ್ಲಿ ಬರುವ ಮುಂಚೆ ಒಂದು ಗೆರೆಯೂ ಈ ಕಟ್ಟಡದ ಹೊಸಿಲು ದಾಟಬಾರದು. ದಾಟಿದರೆ ಕೆಲಸ ಹೋಯಿತು. ಹೋದ ವರ್ಷ ಬಣ್ಣ ಹಾಕುವವನೊಬ್ಬ ಹೆಂಡತಿಗೆ ಒಂದೇ ಒಂದು ಚಿತ್ರ ಕಳಿಸಿದ್ದಕ್ಕೆ ಮಧ್ಯಾಹ್ನದ ಊಟಕ್ಕೂ ಮುಂಚೆ ಅವನನ್ನು ಮನೆಗೆ ಕಳಿಸಿದ್ದರು. ನಾನು ಪಾತ್ರಗಳ ಚಲನೆ ಬಿಡಿಸುವವಳು. ಇದು ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ. ನಾನು ಬೇಯಿಸಿದ್ದನ್ನು ತಿಂದವರನ್ನು ಕೇಳಿ, ಅಡುಗೆಯೂ ಬರುವುದಿಲ್ಲ ಎನ್ನುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ ಚಿತ್ರಗಳನ್ನು ಮನೆಗೆ ಒಯ್ದಿದ್ದೆ.

ಒಯ್ಯದೆ ವಿಧಿ ಇರಲಿಲ್ಲ. ಕಥೆ ಇಷ್ಟೇ: ಹಾಡುಗಾರನೊಬ್ಬ ಸತ್ತ ಹೆಂಡತಿಯನ್ನು ಬಿಡಿಸಿಕೊಂಡು ಬರಲು ಪಾತಾಳಕ್ಕೆ ಹೋಗುತ್ತಾನೆ. ಅವನ ಹಾಡಿಗೆ ಕರಗಿ ಪಾತಾಳದ ಒಡೆಯ ಅವಳನ್ನು ಅವನ ಹಿಂದೆ ಕಳಿಸುತ್ತಾನೆ. ಆದರೆ ಮೇಲೆ ತಲುಪುವವರೆಗೆ ಇವನು ಹಿಂತಿರುಗಿ ನೋಡಬಾರದು. ಇವನು ನೋಡುತ್ತಾನೆ, ಅವಳು ಹೋಗುತ್ತಾಳೆ. ಆ ಕತ್ತು ತಿರುಗುವುದು ಆಫೀಸಿನ ಕನ್ನಡಿ ಮುಂದೆ ಎಷ್ಟು ತಿಣುಕಿದರೂ ನನ್ನ ಕೈಗೆ ಸಿಗಲಿಲ್ಲ. ಕೊನೆಗೆ ಮನೆಯಲ್ಲಿ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ತಿರುಗು ಎಂದೆ. ಜೀವಮಾನವೆಲ್ಲ ಬಸ್ ಓಡಿಸಿದವನಿಗೆ ಹಿಂದೆ ನೋಡುವುದನ್ನು ಹೇಳಿಕೊಡಬೇಕೆ? ಕತ್ತು ಹಿಡಿದುಕೊಳ್ಳುವವರೆಗೆ ತಿರುಗಿದ, ಮುಲಾಮು ಹಚ್ಚಿಕೊಂಡು ಮತ್ತೆ ತಿರುಗಿದ. ಆಮೇಲೆ ನನ್ನ ಬೆನ್ನ ಹಿಂದೆ ನಿಂತು, ಕೊನೆಯ ದೃಶ್ಯ ಬಿಡಿಸುವುದನ್ನು ನೋಡಿದ. ಅದರಲ್ಲಿ ಕತ್ತಲೆಗೆ ಜಾರುವ ಹೆಂಡತಿಗೆ ಗಂಡನ ಮೇಲೆ ಸಿಟ್ಟಿಲ್ಲ. ಒಂದು ಕೈಯನ್ನು ಅರ್ಧಕ್ಕೆ ಎತ್ತುತ್ತಾಳೆ, ಹುಷಾರಾಗಿ ಹೋಗಿ ಬನ್ನಿ ಎನ್ನುವ ಹಾಗೆ. ಅಪ್ಪ ಡ್ಯೂಟಿಗೆ ಹೊರಟಾಗ ಅಮ್ಮ ಬಾಗಿಲಲ್ಲಿ ನಿಂತು ಹಾಗೆಯೇ ಕೈ ಎತ್ತುತ್ತಿದ್ದಳು. ಅಮ್ಮ ಈಗ ಇಲ್ಲ. ಅಪ್ಪ ಹೋಗಿ ಮುಖ ತೊಳೆದುಕೊಂಡು ಬಂದ.

ಆ ದೃಶ್ಯ ಟೀವಿಯಲ್ಲಿ ಬರಲೇ ಇಲ್ಲ. ನಿಮಿಷದ ಲೆಕ್ಕ ಕೇಳಿಯೇ ಎಪಿಸೋಡ್ ಉದ್ದವಾಯಿತು ಎಂದರು ಚಾನೆಲ್‌ನವರು, ಹೂಂ ಎಂದರು ನಿರ್ದೇಶಕರು, ಸಂಕಲನ ಮಾಡುವ ಕತ್ತರಿ ಅಕ್ಕ ತೆಗೆದುಹಾಕಿದಳು. ಹಾಡುಗಾರ ತಿರುಗುತ್ತಾನೆ, ಪರದೆ ಕಪ್ಪಾಗುತ್ತದೆ, ಅಷ್ಟೇ. ಇದನ್ನು ಅಪ್ಪನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಟೀವಿಯಲ್ಲಿ ನೋಡಿದಾಗ ತಾನಾಗಿ ತಿಳಿಯುತ್ತದೆ ಅಂದುಕೊಂಡೆ. ನಿನ್ನೆ ಎಪಿಸೋಡ್ ಬಂದಾಗ, ಸರಿಯಾಗಿ ಹಾಡುಗಾರ ತಿರುಗುವ ಹೊತ್ತಿಗೆ ಎದ್ದು ಕಿಟಕಿ ಕಡೆ ಮುಖ ಮಾಡಿ ನಿಂತುಬಿಟ್ಟ ಪುಣ್ಯಾತ್ಮ. "ಅದನ್ನ ಇನ್ನೊಂದ್ಸಲ ನೋಡೋಕಾಗಲ್ಲಮ್ಮ," ಎಂದ. ಸಂಗೀತ ಮುಗಿದ ಮೇಲೇ ಈ ಕಡೆ ತಿರುಗಿದ್ದು. ಇವತ್ತು ನಾನು ಚಪ್ಪಲಿ ಮೆಟ್ಟುವಾಗ ಹೇಳಿದ, "ಬೆಳಿಗ್ಗೇನೇ ವಿಡಿಯೋ ಹಾಕಿದೀನಿ. ನಿನ್ನ ಕೆಲಸಾನೂ ಹೊಗಳಿದೀನಿ. ಹೆಸರು ಹೇಳಿಲ್ಲ, ಹೆದರಬೇಡ." ಯಾವ ಕೆಲಸ ಎಂದು ಕೇಳುವಷ್ಟು ಪುರುಸೊತ್ತು ನನಗಿರಲಿಲ್ಲ.

ಈಗ ಕೇಳುವಂತಿರಲಿಲ್ಲ. ವಿಡಿಯೋ ಶುರುವಾಯಿತು.

"ನಮಸ್ಕಾರ, ತಾತ ಬಂದಿದೀನಿ. ಮೊದಲು ಬೈಗುಳ. ಪಾತಾಳದ ನಾಯಿಗೆ ಮೂರು ತಲೆ ಇಟ್ಟಿದಾರೆ, ಬೊಗಳೋದು ಒಂದೇ. ಉಳಿದ ತಲೆಗಳು ಏನು, ಶೋಕಿಗೆ ಇಟ್ಟಿದ್ದಾ?"

ರೂಮು ಘೊಳ್ಳೆಂದಿತು. ಶಬ್ದ ಜೋಡಿಸುವವನು ಮುಖ ಮುಚ್ಚಿಕೊಂಡ. ನಾನೂ ಹಲ್ಲು ಕಿರಿದೆ. ನಗದಿದ್ದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಗುತ್ತಿತ್ತು.

"ಈಗ ವಿಷಯಕ್ಕೆ ಬರ್ತೀನಿ. ಆ ಹಾಡುಗಾರನ್ನ ಎಲ್ಲರೂ ಬೈತಾರೆ, ಆತುರಗೆಟ್ಟೋನು, ಹಿಂದೆ ನೋಡಿ ಹೆಂಡತಿ ಕಳ್ಕೊಂಡ ಅಂತ. ನಾನು ಬೈಯಲ್ಲ. ಹಿಂದಿರೋರು ಹತ್ತಿದ್ರೋ ಇಲ್ವೋ ಅಂತ ನೋಡದೇ ಬಸ್ ಬಿಡೋನು ಡ್ರೈವರ್ರೇ ಅಲ್ಲ. ನೋಡಬೇಡ ಅಂತ ಷರತ್ತು ಹಾಕಿದ್ನಲ್ಲ, ಅವನದ್ದು ತಪ್ಪು."

"ವಾಹ್!" ಎಂದು ನಿರ್ದೇಶಕರು ಮೇಜು ಕುಟ್ಟಿದರು. ಪರದೆಯ ಕೆಳಗಿನ ಗೆರೆಯಲ್ಲಿ ಇನ್ನು ಬೆರಳಷ್ಟು ಮಾತ್ರ ಉಳಿದಿತ್ತು. ಮುಗಿಸಿಬಿಡು ಅಪ್ಪಾ, ನಿನ್ನ ಕಾಲಿಗೆ ಬೀಳುತ್ತೇನೆ ಎಂದು ಒಳಗೊಳಗೇ ಬೇಡಿಕೊಂಡೆ. ಅಪ್ಪ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡ.

"ಕೊನೇ ಮಾತು. ಆ ಹೆಣ್ಣುಮಗಳು ಹೋಗ್ತಾ ಹೋಗ್ತಾ ಕೈ ಎತ್ತುತಾಳಲ್ಲ, ಅರ್ಧಕ್ಕೆ. ಅದನ್ನ ಬಿಡಿಸಿದ ಕೈಗೆ ನಾನು ಕೈ ಮುಗೀತೀನಿ. ಅಷ್ಟೇ. ನೋಡದೇ ಮಾತಾಡೋನಲ್ಲ ನಾನು. ತಪ್ಪು ಅನ್ಸಿದ್ರೆ ಈ ನಂಬರ್‌ಗೆ ಫೋನ್ ಮಾಡಿ ಬೈರಿ."

ವಿಡಿಯೋ ಮುಗಿಯಿತು.

"ಕೈ ಎತ್ತೋದಾ?" ಎಂದರು ನಿರ್ದೇಶಕರು. "ಅದನ್ನ ನಾವು ತೆಗೆದುಹಾಕಿದ್ವಲ್ಲ. ಈ ರೂಮಿನಲ್ಲಿರೋರು ಬಿಟ್ಟು ಇನ್ಯಾರೂ ಅದನ್ನ ನೋಡಿಲ್ಲ. ಯಾರು ತೋರಿಸಿದ್ದು?"

ಎಲ್ಲರ ಕಣ್ಣು ಕತ್ತರಿ ಅಕ್ಕನ ಮೇಲೆ ಹೋಯಿತು. "ನನ್ನನ್ಯಾಕೆ ನೋಡ್ತೀರಿ? ಆ ಮುದುಕ ಯಾರಂತಲೇ ನಂಗೊತ್ತಿಲ್ಲ," ಎಂದು ಅವಳು ಕಿಡಿಕಿಡಿಯಾದಳು.

"ಬೇಡ, ಜಗಳ ಬೇಡ. ನಂಬರ್ ಕೊಟ್ಟಿದಾರಲ್ಲ, ಅವರನ್ನೇ ಕೇಳೋಣ," ಎಂದು ನಿರ್ದೇಶಕರು ಮೊಬೈಲನ್ನು ಮೇಜಿನ ನಡುವೆ ಇಟ್ಟು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. ಅಪ್ಪ ಮೊದಲ ರಿಂಗಿಗೇ ಎತ್ತಿದ. ಯಾರೋ ಬೈಯಲು ಫೋನ್ ಮಾಡಿದ್ದಾರೆ ಎಂದು ಖುಷಿಯಲ್ಲೇ ಎತ್ತಿದ. ನಿರ್ದೇಶಕರು ತಾವು ಯಾರು ಎಂದು ಹೇಳಿದರು.

"ಕೈ ಎತ್ತೋ ದೃಶ್ಯ ಎಲ್ಲಿ ನೋಡಿದ್ರಿ, ಯಜಮಾನ್ರೇ?"

"ಇನ್ನೆಲ್ಲಿ, ಟೀವಿಯಲ್ಲೇ."

"ಟೀವಿಯಲ್ಲಿ ಅದು ಬಂದೇ ಇಲ್ಲ. ನಾವು ತೆಗೆದುಬಿಟ್ಟಿದ್ವಿ."

ಆ ಕಡೆ ಮಾತು ನಿಂತಿತು. ಎಲ್ಲ ಒಮ್ಮೆಗೇ ಅವನಿಗೆ ಅರ್ಥವಾಯಿತೆಂದು ನನಗೆ ಗೊತ್ತಾಯಿತು: ಮಗಳ ದೃಶ್ಯ ಹೋಯಿತು, ಮಗಳು ಹೇಳಲಿಲ್ಲ, ಈಗ ಮಗಳ ಕುತ್ತಿಗೆಗೆ ಬಂದಿದೆ.

"ಯಾರಾದ್ರೂ ತೋರಿಸಿದ್ರಾ? ನಿಮಗೇನೂ ಆಗಲ್ಲ, ಹೇಳಿ," ಎಂದರು ನಿರ್ದೇಶಕರು.

"ಇಲ್ಲ ಸ್ವಾಮಿ." ಅಪ್ಪನ ದನಿ ಕುಗ್ಗಿತ್ತು. "ಯಾರೂ ತೋರಿಸಿಲ್ಲ. ಆ ಭಾಗ ನಾನು ನೋಡ್ಲೇ ಇಲ್ಲ. ಎದ್ದು ಹೋಗಿದ್ದೆ. ಹೀಗಿರಬಹುದು ಅಂತ ತಲೇಲೇ ಕಟ್ಕೊಂಡು ಹೇಳ್ಬಿಟ್ಟೆ. ನೋಡದೇ ಮಾತಾಡಿದೆ ಅಂತ ಇವತ್ತೇ ಎಲ್ಲರಿಗೂ ಒಪ್ಕೋತೀನಿ. ಇನ್ಮೇಲೆ ಈ ಅಭಿಪ್ರಾಯ ಗಿಭಿಪ್ರಾಯ ಎಲ್ಲ ನಿಲ್ಲಿಸಿಬಿಡ್ತೀನಿ. ವಯಸ್ಸಾಯ್ತು ನೋಡಿ."

ನಿರ್ದೇಶಕರ ಹುಬ್ಬು ಸಡಿಲಾಯಿತು. "ಅರಳು ಮರಳು," ಎಂದು ಶಬ್ದದವನು ಪಿಸುಗುಟ್ಟಿ ನಕ್ಕ.

ಮುಗಿದಿತ್ತು. ನಾನು ಗೆದ್ದಿದ್ದೆ. ಸುಮ್ಮನೆ ಕೂತಿದ್ದರೆ ಸಾಕಿತ್ತು, ಊಟದ ನಂತರ ಹೊಸ ಎಪಿಸೋಡಿನ ಕುದುರೆ ಬಿಡಿಸುವುದಿತ್ತು. ಆದರೆ ಬೇರೆಯವರನ್ನು ಬೈಯಲು ಅಪ್ಪನ ಬಳಿ ಇದ್ದದ್ದು ಒಂದೇ ಬೈಗುಳ: ನೋಡದೇ ಮಾತಾಡೋನು. ಅದನ್ನು ತನ್ನ ತಲೆಗೆ ತಾನೇ ಕಟ್ಟಿಕೊಂಡು, ಅಪರಿಚಿತರ ಮುಂದೆ ಮರುಳನಾಗಿ ಕೂತಿದ್ದ. ಆ ನಗುವವನ ಮೇಲೆ ನನಗೆ ಮೈಯೆಲ್ಲ ಉರಿಯಿತು. ಅದಕ್ಕಿಂತ ಹೆಚ್ಚು ನನ್ನ ಮೇಲೆ ಉರಿಯಿತು.

"ಅಪ್ಪಾ," ಎಂದೆ ಗಟ್ಟಿಯಾಗಿ. "ನಾನಿಲ್ಲೇ ಇದೀನಿ. ನೀನು ನೋಡಿದೀಯ. ನಾನೇ ತೋರಿಸಿದ್ದು."

ಫೋನಿನಲ್ಲಿ ಏನೋ ಬಿದ್ದ ಸದ್ದಾಯಿತು. "ಅಯ್ಯೋ, ಬಾಯ್ಮುಚ್ಕೊಂಡಿರೋಕೆ ಏನಾಗಿತ್ತೇ ನಿಂಗೆ?" ಎಂದ ಅಪ್ಪ.

ನಿರ್ದೇಶಕರು ನನ್ನನ್ನೇ ನೋಡುತ್ತ ಕೈ ಚಾಚಿದರು. ಕೊರಳಲ್ಲಿದ್ದ ಗುರುತಿನ ಚೀಟಿಯನ್ನು ತೆಗೆದು ಅವರ ಕೈಯಲ್ಲಿಟ್ಟೆ. ಯಾರೂ ಫೋನ್ ಆಫ್ ಮಾಡಿರಲಿಲ್ಲ.

"ಸ್ವಾಮಿ, ಇದೀರಾ?" ಅಪ್ಪನ ದನಿ ಮೇಜಿನ ಮೇಲಿಂದ ಬಂತು. ಈಗ ಅದು ವಿಡಿಯೋದಲ್ಲಿ ಮಾತಾಡುವವನ ದನಿಯೇ ಆಗಿತ್ತು. "ಅವಳನ್ನ ತೆಗೀರಿ, ನಿಮ್ಮ ನಿಯಮ ನಿಮ್ಮದು. ಆದ್ರೆ ಆ ಕೈಯನ್ನ ಯಾಕೆ ತೆಗೆದ್ರಿ? ಅದನ್ನ ಹೇಳಿ."