ಬೂದಿಗೊಂದು ಸಿಳ್ಳೆ

ಉಳಿದಿದ್ದ ಹನ್ನೊಂದು ಹಲ್ಲನ್ನೂ ಕೀಳಿಸಿಕೊಂಡು ಬಂದ ದಿನದಿಂದ ನನ್ನ ಗಂಡ ನನಗೆ ಬಾಯಿ ತೋರಿಸಿರಲಿಲ್ಲ. ಮೂವತ್ತೆರಡು ವರ್ಷ ಸಂಸಾರ ಮಾಡಿದವಳ ಮುಂದೆ ಈ ಬಿಂಕ. ಸೂಪು ಕುಡಿಯುವಾಗ ಗೋಡೆ ಕಡೆ ತಿರುಗುವುದು, ಮಾತಾಡುವಾಗ ಮುಖಕ್ಕೆ ಟವೆಲ್ಲು. ಇವರ ಕಸುಬಾದ ನಲ್ಲಿ ರಿಪೇರಿಗೆ ಯಾರಾದರೂ ಕರೆದರೆ, ಜ್ವರ ಅಂತ ಹೇಳು ಎಂದು ನನಗೆ ಕೈಸನ್ನೆ. ಎರಡು ತಿಂಗಳ ಜ್ವರವನ್ನು ಯಾರು ನಂಬುತ್ತಾರೆ?

ಅದಕ್ಕಿಂತ ದೊಡ್ಡ ಸಂಕಟ ಸಿಳ್ಳೆಯದು. ನಮ್ಮ ತಾರಸಿಯ ಮೇಲೆ ಇಪ್ಪತ್ತು ಪಂದ್ಯದ ಪಾರಿವಾಳಗಳಿವೆ. ಎರಡು ಬೆರಳು ಬಾಯಿಗಿಟ್ಟು ಇವರು ಸಿಳ್ಳೆ ಹಾಕಿದರೆ ಮಾತ್ರ ಅವು ತಡಮಾಡದೆ ಗೂಡು ಸೇರುತ್ತವೆ. ನಾನು ಗಂಟಲು ಹರಿದುಕೊಂಡರೂ ಕ್ಯಾರೇ ಅನ್ನುವುದಿಲ್ಲ. ಪಂದ್ಯದಲ್ಲಿ ಹಕ್ಕಿ ಮನೆ ಮುಟ್ಟಿದರೆ ಸಾಲದು. ಗೂಡಿನೊಳಗೆ ಕಾಲಿಟ್ಟ ಮೇಲೆಯೇ ಅಲ್ಲಿಟ್ಟ ಯಂತ್ರದಲ್ಲಿ ಹೊತ್ತು ದಾಖಲಾಗುವುದು. ಆದರೆ ಹಲ್ಲಿನ ಡಾಕ್ಟರು, ಗಾಯ ಮಾಗುವವರೆಗೆ ಊದಲೂ ಕೂಡದು, ಹೀರಲೂ ಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು. ಹೊಸ ಹಲ್ಲು ಬಂದರೆ ಸಿಳ್ಳೆಯೂ ಬರುತ್ತದೆ ಎಂದು ಇವರು ದಿನ ಎಣಿಸುತ್ತಿದ್ದರು.

ಪಂದ್ಯ ಭಾನುವಾರ, ಹಲ್ಲಿನ ಸೆಟ್ಟು ಗುರುವಾರ ಬಂತು. ಇವರು ಕನ್ನಡಿ ಬಿಟ್ಟು ಅಲ್ಲಾಡಲಿಲ್ಲ.

"ಹೇಗಿದೀನಿ?"

"ಮದುವೆ ಗಂಡಿನ ಹಾಗಿದೀರಿ. ಆದ್ರೆ ಆ ಗಂಡಿಗೆ ಇಷ್ಟೊಂದು ಹಲ್ಲಿರಲಿಲ್ಲ."

ಆಮೇಲೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅಭ್ಯಾಸ. ಫುಸ್ ಎಂದು ಗಾಳಿ, ಹಿಂದೆಯೇ ಬೇಸಿನ್ನಿಗೆ ಸೆಟ್ಟು ಬಿದ್ದ ಸದ್ದು. ಮೂರು ದಿನವೂ ಅದೇ ಕಥೆ. ನನಗೆ ನಗುವೂ ಬರುತ್ತಿತ್ತು, ಅಯ್ಯೋ ಪಾಪ ಅಂತಲೂ ಅನ್ನಿಸುತ್ತಿತ್ತು.

ಭಾನುವಾರ ಬೆಳಿಗ್ಗೆ ಅರ್ಧ ಬೀದಿ ನಮ್ಮ ತಾರಸಿ ಹತ್ತಿತ್ತು. ಪಕ್ಕದ ತಾರಸಿಯಲ್ಲಿ ಕಟಿಂಗ್ ಶಾಪಿನವನು ಕಾಳಿನ ಡಬ್ಬ ಹಿಡಿದು ನಿಂತಿದ್ದ. ಎಂಟು ವರ್ಷದಿಂದ ಗೆಲ್ಲುತ್ತಿದ್ದವನು ಅವನೇ. ಬೆಳಗಿನ ಜಾವ ದೂರದ ಊರಿನಿಂದ ಹಾರಿಬಿಟ್ಟ ಹಕ್ಕಿಗಳಲ್ಲಿ ನಮ್ಮದು ಬೂದಿ, ಇವರು ಮರಿಯಿಂದ ಅಂಗೈಯಲ್ಲಿ ತಿನ್ನಿಸಿ ಬೆಳೆಸಿದ ಹೆಣ್ಣುಹಕ್ಕಿ. ಈ ಸಲವಾದರೂ ಗೆಲ್ಲಲಿ ಎಂದು ನನಗೂ ಆಸೆ ಉಕ್ಕುತ್ತಿತ್ತು.

ಹನ್ನೊಂದು ಗಂಟೆಗೆ ಆಕಾಶದಲ್ಲಿ ಒಂದು ಚುಕ್ಕೆ ಕಂಡಿತು.

"ಬೂದಿ ಕಣೇ, ನಮ್ಮ ಬೂದಿ," ಎಂದು ಇವರು ನನ್ನ ತೋಳು ಹಿಂಡಿದರು. ಬೂದಿ ಒಂದು ಸುತ್ತು ಹೊಡೆದು, ಗೂಡಿಗೆ ಹೋಗದೆ, ನೀರಿನ ಟ್ಯಾಂಕಿನ ಮೇಲೆ ಕೂತು ರೆಕ್ಕೆ ಕೆದರಿಕೊಂಡಿತು.

ಇವರು ಬೆರಳಿಟ್ಟು ಊದಿದರು. ಫುಸ್. ಮತ್ತೆ ಊದಿದರು. ಮೇಲಿನ ಸೆಟ್ಟು ಜಾರಿತು; ಅಂಗೈಯಿಂದ ಒತ್ತಿ ಹಿಡಿದುಕೊಂಡರು. ಅಷ್ಟರಲ್ಲಿ ಇನ್ನೊಂದು ಚುಕ್ಕೆ ಕಾಣಿಸಿತು. ಕಟಿಂಗ್ ಶಾಪಿನವನು ಡಬ್ಬ ಅಲ್ಲಾಡಿಸತೊಡಗಿದ.

"ಬಾರೇ, ನನ್ನಮ್ಮ, ಒಳಗೆ ಬಾರೇ," ಎಂದು ನಾನು ಟ್ಯಾಂಕಿಗೆ ಕೈಮುಗಿದೆ. ಬೂದಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಇವರು ಬೂದಿಯನ್ನು ನೋಡಿದರು, ಸುತ್ತ ನೆರೆದ ಜನರನ್ನು ನೋಡಿದರು. ನಂತರ ಮೇಲಿನದನ್ನೂ ಕೆಳಗಿನದನ್ನೂ ಕಿತ್ತು, ಒದ್ದೆಯೊದ್ದೆಯಾಗಿಯೇ ನನ್ನ ಕೈಗೆ ಹಾಕಿದರು. "ಹಿಡ್ಕೋ."

ಅವರ ಕೆನ್ನೆ ಒಳಗೆ ಹೋಯಿತು. ತುಟಿಯನ್ನು ಬರಿ ಒಸಡಿನ ಮೇಲೆ ಮಡಚಿ, ಬೆರಳಿಟ್ಟು ಊದಿದರು.

ಬಂದ ಸಿಳ್ಳೆಗೆ ಪಕ್ಕದ ಮನೆಯ ನಾಯಿ ಎದ್ದು ಓಡಿತು. ಬೂದಿ ತಲೆಯೆತ್ತಿ, ಟ್ಯಾಂಕಿನಿಂದ ನೇರ ಗೂಡಿನೊಳಗೆ ಧುಮುಕಿತು. ಯಂತ್ರ ಪೀಪ್ ಎಂದಿತು. ಪಕ್ಕದ ತಾರಸಿಯ ಯಂತ್ರ ಪೀಪ್ ಎಂದಾಗ ಒಂಬತ್ತು ಸೆಕೆಂಡು ಕಳೆದಿತ್ತು.

ಕಟಿಂಗ್ ಶಾಪಿನವನು ಗೋಡೆ ದಾಟಿ ಬಂದು ಇವರನ್ನು ಅಪ್ಪಿಕೊಂಡ. ಜನ ಹೋ ಎಂದರು. ಇವರು ಬೂದಿಯನ್ನು ಎದೆಗೆ ಒತ್ತಿಕೊಂಡು, ಬಾಯಿ ಅಗಲಿಸಿ ನಗುತ್ತಿದ್ದರು, ಅಷ್ಟು ಜನರ ಮುಂದೆ, ನನ್ನ ಮುಂದೆ. ಎರಡು ತಿಂಗಳಿಂದ ನಾನು ಕಾದದ್ದು ಆ ಮುಖಕ್ಕೆ. ಹಲ್ಲನ್ನು ಅವರು ಕೇಳಲಿಲ್ಲ. ನಾನೂ ಕೊಡಲಿಲ್ಲ.