ಮನೆಯೊಳಗಿನಿಂದ ದುರ್ಬಲ

ಆ ಸಾಹೇಬನ ಮೇಲೆ ತಬಸ್ಸುಮಳಿಗೆ ಮೊದಮೊದಲು ಇದ್ದದ್ದು ಬರೀ ಕುತೂಹಲ. ಅಸಹ್ಯ ಹುಟ್ಟಿದ್ದು ಅವನ ವರದಿಗಳನ್ನು ಕನ್ನಡಕ್ಕೆ ತರಲು ಕೂತ ಮೇಲೆ.

ಪಶ್ಚಿಮ ಕರಾವಳಿಯಲ್ಲಿ ಪೋರ್ಚುಗೀಜರ ಕೈಯಲ್ಲಿದ್ದ ಒಂದು ಬಂದರಿಗೆ, ನೂರು ವರ್ಷಗಳ ಹಿಂದೆ, ಬ್ರಿಟಿಷ್ ಸರಕಾರ ಕಳಿಸಿದ್ದ ಕಾನ್ಸಲ್ ಅವನು. ಹಡಗುಗಳ ಓಡಾಟ, ರೈಲಿನ ಸರಕು, ತಮ್ಮ ವ್ಯಾಪಾರಿಗಳ ಹಿತ ನೋಡಿಕೊಳ್ಳುವುದು ಹೆಸರಿಗೆ ಅವನ ಕೆಲಸ. ಆದರೆ ಮುಂಬಯಿಗೆ ಕಳಿಸುತ್ತಿದ್ದ ಗುಪ್ತ ವರದಿಗಳ ತುಂಬ ಮನುಷ್ಯರೇ. ಯಾವ ಪಾದ್ರಿ ಯಾರ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋಗುತ್ತಾನೆ, ಯಾವ ವ್ಯಾಪಾರಿಯ ಮಗ ಕುಡಿಯುತ್ತಾನೆ, ಯಾರ ಮಗಳಿಗೆ ಗಂಡು ಸಿಕ್ಕಿಲ್ಲ. ಘಟ್ಟದ ಮೇಲಿನ ನಮ್ಮ ಸೀಮೆಯಿಂದ ಹಮಾಲಿಗೆ ಹೋದವರ ಮುಖಂಡನೊಬ್ಬ ಬಂದರಿನ ಕೆಲಸವನ್ನೇ ನಿಲ್ಲಿಸಿದಾಗ ಸಾಹೇಬ ಅವನ ಬಗ್ಗೆ ಬರೆದದ್ದು ಒಂದೇ ಸಾಲು: ‘ಪ್ರಭಾವಿ, ಆದರೆ ಮನೆಯೊಳಗಿನಿಂದ ದುರ್ಬಲ. ಅಣ್ಣನಿಗೂ ಇವನಿಗೂ ಮಾತಿಲ್ಲ.’ ಮುಂದಿನ ವರದಿಯಲ್ಲಿ ಆ ಅಣ್ಣ ಬಂದರಿನ ಹೊಸ ಮೇಸ್ತ್ರಿ. ಅದರ ಮುಂದಿನದರಲ್ಲಿ ಮುಖಂಡನ ಹೆಸರೇ ಇಲ್ಲ.

ವಿಜಯಪುರದ ಕಾಲೇಜೊಂದರಲ್ಲಿ ತಬಸ್ಸುಮ ಅತಿಥಿ ಉಪನ್ಯಾಸಕಿ. ಗಂಡನಿಂದ ಬೇರೆಯಾದ ಮೇಲೆ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರದ ತವರುಮನೆಯಲ್ಲಿ, ಪಾರ್ಶ್ವವಾಯು ಹೊಡೆದು ಮಲಗಿದ ತಾಯಿ ನೂರಜಹಾನಳ ಜೊತೆ ಇದ್ದಳು. ಕಾಲೇಜಿನ ಒಂದು ಸಭೆಯಲ್ಲಿ ಅವಳು ಈ ಕಾನ್ಸಲ್ ಬಗ್ಗೆ ಮಾತಾಡಿದಳು.

“ಹಡಗ ನೋಡಾಕ ಬಂದಾಂವ ಮಂದಿ ಮನಿ ಬಿರುಕ ನೋಡಿದ. ಯಾವ ಬಿರುಕಿನ್ಯಾಗ ಬೆರಳ ಹಾಕಿದ್ರ ಗ್ವಾಡಿ ಬೀಳತೈತಿ ಅನ್ನೂದನ್ನ ಬರದ ಕಳಸಿದ,” ಎಂದಳು. ಹುಡುಗರು ಚಪ್ಪಾಳೆ ತಟ್ಟಿದರು.

ಸಭೆ ಮುಗಿದ ಮೇಲೆ ಹಿಂದಿನ ಸಾಲಿನಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬ ಗೃಹಸ್ಥ ಎದ್ದು ಬಂದ. ಹೆಸರು ಶ್ರೀಮಂತ. ಮಮದಾಪುರದ ಗಾಯರಾಣದಲ್ಲಿ, ಅಂದರೆ ಊರ ದನ-ಕುರಿ ಮೇಯುವ ಸರಕಾರಿ ಜಾಗದಲ್ಲಿ, ಸೌರ ವಿದ್ಯುತ್ತಿನ ಫಲಕ ಹಾಕಲು ಹೊರಟಿದ್ದ ಕಂಪನಿಯವನು.

“ಮೇಡಂ, ನೀವು ಮನಶ್ಯಾರನ್ನ ಓದೂ ರೀತಿ ಭಾಳ ಛೊಲೋ ಐತ್ರಿ. ನಮಗೊಂದು ಅಧ್ಯಯನ ಮಾಡಿ ಕೊಡ್ರಿ. ಊರ ಮಂದಿ ಕಷ್ಟಸುಖ ತಿಳದ್ರ ಸಾಲಿ, ದವಾಖಾನಿ ಎಲ್ಲಿ ಬೇಕಂತ ನಮಗೂ ಗೊತ್ತಾಗತೈತಿ.”

ತಬಸ್ಸುಮ ಒಪ್ಪಿದಳು. ಕಾಲೇಜಿನ ಕೆಲಸ ಇವತ್ತಿದ್ದರೆ ನಾಳೆ ಇಲ್ಲ ಎನ್ನುವುದೊಂದು ಕಾರಣ. ಇನ್ನೊಂದು, ಅವಳ ಕೆಲಸವನ್ನು ಯಾರೋ ‘ಬೇಕು’ ಎಂದದ್ದು ಅದೇ ಮೊದಲು.

ಚಳಿಗಾಲವಿಡೀ ಬಬಲೇಶ್ವರದಲ್ಲಿ ಬಸ್ಸು ಬದಲಿಸಿ ಮಮದಾಪುರಕ್ಕೆ ಹೋಗಿಬಂದಳು. ಕುರಿ ಸಾಕುವ ರಾಚವ್ವನ ಪರಿಚಯವಾದದ್ದು ಆಗಲೇ. ಗಾಯರಾಣ ಬಿಟ್ಟುಕೊಡುವುದಿಲ್ಲ ಎಂದು ಓಣಿಯ ಹೆಂಗಸರನ್ನೆಲ್ಲ ಕೂಡಿಸಿದವಳು ಅವಳೇ. ಎತ್ತರದ ಆಳು, ಒರಟು ದನಿ. ತಬಸ್ಸುಮ ಬಂದಳೆಂದರೆ ಮೊದಲು ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಆಮೇಲೆ ಮಾತು.

ಒಂದು ಮಧ್ಯಾಹ್ನ ಕುರಿಗಳು ಕೆರೆಯಲ್ಲಿ ನೀರು ಕುಡಿಯುತ್ತಿದ್ದವು. ಏರಿಯ ಮೇಲೆ ಇಬ್ಬರೇ ಕೂತಿದ್ದರು. ರಾಚವ್ವ ಕೇಳದೆಯೇ ಹೇಳಿದಳು.

“ನನ್ನ ಸೊಸಿ ಲಕ್ಷ್ಮಿ ಜೈನಾಪುರಕ್ಕ ತವರಮನಿಗೆ ಹೋಗ್ಯಾಳ. ಅವರವ್ವಗ ಆರಾಮಿಲ್ಲಂತ ಊರಿಗೆಲ್ಲಾ ಹೇಳೇನಿ. ಖರೇ ಅಂದ್ರ ನಾನ ಕೈ ಮಾಡೇನಿ ತಂಗಿ. ಬಸರಿ ಇದ್ದಾಕಿಗೆ. ಎದರ ಮಾತಾಡಿದ್ಲಂತ ಸಿಟ್ಟ ಬಂತು, ಕುರಿ ಹೊಡಿಯೂ ಕೋಲ ಕೈಯಾಗ ಇತ್ತು.” ನೀರಿಗಿಳಿದ ಒಂದು ಮರಿಯನ್ನು ಕೂಗಿ ಕರೆದು, “ಅಲ್ಲೇ ಹಡದಾಳ, ಕೂಸು ಹುಷಾರ ಐತಂತ. ನನಗ ಮಾರಿ ತೋರ್ಸಿಲ್ಲ,” ಎಂದಳು.

ತಬಸ್ಸುಮ ಅವಳ ಕೈ ಹಿಡಿದುಕೊಂಡಳು.

“ನಿನ್ನ ಮುಂದ ಯಾಕ ಹೇಳಿದೆ ಅಂದ್ರ, ನೀ ಹೊರಗಿನಾಕಿ. ನಮ್ಮವರ ಮುಂದ ಇದನ್ನ ಬಾಯಿ ಬಿಟ್ಟ ಹೇಳಾಕ ಬರೂದಿಲ್ಲ.”

ಮನೆಗೆ ಬಂದು ಬರೆಯಲು ಕೂತಾಗ ತಬಸ್ಸುಮಳ ಕೈ ಸರಾಗವಾಗಿ ಓಡಿತು. ರಾಚವ್ವನನ್ನು ಇದ್ದ ಹಾಗೆ, ಜೀವಂತವಾಗಿ ಕಟ್ಟಿಕೊಡಬೇಕು ಎಂಬ ಹುಮ್ಮಸ್ಸು. ಸೊಸೆಯ ಸಂಗತಿ ಬರೆಯದಿದ್ದರೆ ಚಿತ್ರ ಅರ್ಧವಾಗುತ್ತದೆ ಎನಿಸಿತು. ಮೇಲೆ ದಪ್ಪ ಅಕ್ಷರದಲ್ಲಿ ‘ಗೋಪ್ಯ’ ಎಂದು ಬರೆದಳಲ್ಲ, ಅಷ್ಟು ಸಾಕೆಂದುಕೊಂಡಳು.

ಹಾಸಿಗೆಯಿಂದ ನೂರಜಹಾನ ತೊದಲುತ್ತ ಕೇಳಿದಳು, “ಅಷ್ಟೊತ್ತಿನಿಂದ ಏನ ಬರಿಯಾಕತ್ತೀ ಬೇ?”

“ಮಮದಾಪುರದ ಮಂದಿದು, ಅಮ್ಮಾ.”

“ಮಂದಿ ಮನಿ ಒಲಿ ಇಣಿಕಿ ನೋಡೂದೂ ನೌಕರೀನ ಏನು?”

ತಬಸ್ಸುಮ ನಕ್ಕು ತಾಯಿಯ ಬಾಯೊರೆಸಿದಳು. ವರದಿ ಕಳಿಸಿದಳು. ‘ಊರೇ ಕಣ್ಣ ಮುಂದೆ ಬಂದಂತಾಯಿತು’ ಎಂದು ಶ್ರೀಮಂತ ಮೊಬೈಲಿಗೆ ಸಂದೇಶ ಹಾಕಿದ. ಅವಳು ಅದನ್ನು ಮತ್ತೆ ಮತ್ತೆ ಓದಿ ಸಂತೋಷಪಟ್ಟಳು.

ಗಾಯರಾಣವನ್ನು ಕಂಪನಿಗೆ ಕೊಡುವ ಮುನ್ನ ಊರವರ ಅಹವಾಲು ಕೇಳುವ ಸರಕಾರಿ ಸಭೆ ಮಮದಾಪುರದ ಶಾಲೆಯ ಅಂಗಳದಲ್ಲಿ ನಡೆಯಿತು. ಶಾಮಿಯಾನ, ನೀರಿನ ಬಾಟಲಿ, ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಅವರ ಪಕ್ಕದಲ್ಲಿ ಶ್ರೀಮಂತ, ಶ್ರೀಮಂತನ ಪಕ್ಕದಲ್ಲಿ ತಬಸ್ಸುಮ. ರಾಚವ್ವ ಸೆರಗು ಸೊಂಟಕ್ಕೆ ಸಿಗಿಸಿ ಎದ್ದು ನಿಂತಳು.

“ಬಿಸಲಿನಿಂದ ಕರೆಂಟ ಮಾಡ್ತೇವಂತೀರಿ, ಮಾಡ್ರಿ. ನಮ್ಮ ಕುರಿ ಬಿಸಲ ಮೇಯೂದಿಲ್ರಿ, ಹುಲ್ಲ ಮೇಯ್ತಾವು. ಅವಕ್ಕ ಎಲ್ಲಿ ಹೋಗಂತ ಹೇಳೂಣು?”

ಅಂಗಳಕ್ಕೆ ಅಂಗಳವೇ ನಕ್ಕಿತು. ಅಧಿಕಾರಿ ಕೂಡ ನಕ್ಕ. ಆಗ ಎದ್ದವನು ಸಿದ್ದರಾಯ, ರಾಚವ್ವನ ಮೈದುನ. ತಲೆಗೆ ಹೊಸ ರುಮಾಲು. ಕಂಪನಿ ಅವನನ್ನು ಊರ ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದೆ ಎಂದು ತಬಸ್ಸುಮ ಅಂದು ಬೆಳಿಗ್ಗೆಯಷ್ಟೇ ಕೇಳಿದ್ದಳು.

“ಹುಲ್ಲ ಕಾಯಾಕ ಬಂದಾಳ ನಮ್ಮ ಅತ್ತಿಗಿ! ಮನ್ಯಾಗಿನ ಸೊಸೀನ್ನ ಕಾದ್ಲೇನು? ಬಸರಿ ಹೆಂಗಸಿನ್ನ ಕೋಲ ತಗೊಂಡು ಬಡದು ಹೊರಗ ಹಾಕ್ಯಾಳ. ಲಕ್ಷ್ಮಿ ಅವ್ವನ್ನ ನೋಡಾಕ ಹೋಗಿಲ್ರಿ, ಜೀವ ಉಳಿಸ್ಕೊಳ್ಳಾಕ ಹೋಗ್ಯಾಳ. ಇಂಥಾಕಿ ಮಾತ ಕೇಳತೀರೇನು ನೀವು?”

ರಾಚವ್ವ ಮೈದುನನ ಕಡೆ ನೋಡಲೇ ಇಲ್ಲ. ಮುಂದಿನ ಸಾಲಿನ ಕುರ್ಚಿಗಳ ಮೇಲೆ ಕಣ್ಣು ಸರಿಸುತ್ತ ಬಂದು ತಬಸ್ಸುಮಳ ಮೇಲೆ ನಿಲ್ಲಿಸಿದಳು. ಬೈಯಲಿಲ್ಲ, ಅಳಲಿಲ್ಲ. ನೋಡಿದಳು, ನಿಂತ ಜಾಗದಲ್ಲೇ ನೆಲಕ್ಕೆ ಕೂತಳು. ಹಿಂದಿದ್ದ ಹೆಂಗಸರಲ್ಲಿ ಒಬ್ಬಿಬ್ಬರು ಸೆರಗು ಬಾಯಿಗೆ ಹಿಡಿದು ಎದ್ದು ಹೋದರು. ಅವರ ಹಿಂದೆ ಉಳಿದವರೂ.

ತಬಸ್ಸುಮ ಎದ್ದು ಏನಾದರೂ ಹೇಳಬಹುದಿತ್ತು. ಸಭೆ ಮುಗಿಯುವ ತನಕ ಕುರ್ಚಿಯಲ್ಲೇ ಕೂತಿದ್ದಳು. ಯಾರೋ ಕೊಟ್ಟ ಚಹಾ ಕೂಡ ಕುಡಿದಳು.

ಮರುದಿನ ತಿಕೋಟಾಕ್ಕೆ ಹೋದಳು. ಕಂಪನಿಯ ಕಚೇರಿ ಅಲ್ಲಿ ದ್ರಾಕ್ಷಿ ಒಣಗಿಸುವ ಒಂದು ಶೆಡ್ಡಿನ ಪಕ್ಕದಲ್ಲಿತ್ತು. ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಹಾಕುವ ಗಂಧಕದ ಹೊಗೆ ಗಂಟಲಿಗೇ ಬಡಿಯುತ್ತಿತ್ತು. ಶ್ರೀಮಂತ ತಟ್ಟೆಯಲ್ಲಿ ಮಣೂಕ ಹಾಕಿಕೊಂಡು ಒಂದೊಂದೇ ಬಾಯಿಗೆ ಎಸೆದುಕೊಳ್ಳುತ್ತಿದ್ದ.

“ನನ್ನ ನಂಬಿ ಹೇಳಿದ್ದನ್ನ ಸಿದ್ದರಾಯನ ಬಾಯಾಗ ಹಾಕಿದ್ರಿ,” ಎಂದಳು ತಬಸ್ಸುಮ.

“ಸುಳ್ಳೇನ ಹಾಕಿಲ್ಲಲ್ರಿ ಮೇಡಂ. ನೀವ ಬರದದ್ದು.” ಅವನು ಲ್ಯಾಪ್‌ಟಾಪ್ ಅವಳ ಕಡೆ ತಿರುಗಿಸಿದ. ಜಿಗುಟಾದ ಬೆರಳಿನಿಂದ ಒಂದು ಸಾಲು ತೋರಿಸಿ, ಸಂಭ್ರಮದಿಂದ ಗಟ್ಟಿಯಾಗಿ ಓದಿದ: “‘ಊರಿನಲ್ಲಿ ಅತ್ಯಂತ ಪ್ರಭಾವಿ, ಆದರೆ ಮನೆಯೊಳಗಿನಿಂದ ದುರ್ಬಲ.’ ಏನ ಮಾತ ಬರದೀರಿ! ಇದೊಂದ ಸಾಲ ಸಾಕಾತು ನಮಗ.”

ಪರದೆಯ ಮೇಲಿದ್ದದ್ದು ಅವಳದೇ ಸಾಲು. ಬರೆಯುವಾಗ ಅದು ಎಲ್ಲಿಂದ ಬಂತೆಂದು ಅವಳಿಗೆ ಹೊಳೆದಿರಲಿಲ್ಲ. ವರ್ಷಗಟ್ಟಲೆ ಆ ಬಂದರಿನ ಸಾಹೇಬನನ್ನು ಓದಿ, ತಿದ್ದಿ, ಬೈದು, ಕೊನೆಗೆ ಅವನ ಕಣ್ಣನ್ನೇ ತನ್ನ ಮುಖಕ್ಕೆ ಹಚ್ಚಿಕೊಂಡು ಅವಳು ರಾಚವ್ವನ ಮನೆಯ ರೊಟ್ಟಿ ತಿಂದಿದ್ದಳು.

“ಅವತ್ತ ಸಭಾದಾಗ ಆ ಸಾಹೇಬನ್ನ ಭಾಳ ಬೈದ್ರಿ ನೀವು,” ಶ್ರೀಮಂತ ನಗುತ್ತಿದ್ದ. “ನನಗೇನೋ ಅಂವ ಕೆಲಸ ಗೊತ್ತಿದ್ದ ಮನಶ್ಯಾ ಅನಸ್ತು. ಇರ್ಲಿ, ಮುಂದ ಜೈನಾಪುರದಾಗೂ ಜಾಗಾ ನೋಡೇವಿ, ಅಲ್ಲಿ ಅಧ್ಯಯನಾನೂ ನೀವ ಮಾಡಿಕೊಡ್ರಿ. ಆ ಲಕ್ಷ್ಮೀನ್ನೂ ಒಂದ ಸಲ ಮಾತಾಡಸ್ರಿ, ನಿಮ್ಮ ಮುಂದ ಹೆಣ್ಣಮಕ್ಕಳು ಬಾಯಿ ಬಿಡ್ತಾರ.”

ತಬಸ್ಸುಮ ಹೊರಗೆ ಓಡಿದಳು. ಶೆಡ್ಡಿನ ಹಿಂದೆ ಗೋಡೆ ಹಿಡಿದು ಬಗ್ಗಿ ವಾಂತಿ ಮಾಡಿದಳು. ಬಾಯಿ ತೊಳೆದಷ್ಟೂ ಗಂಧಕದ ಒಗರು ಹೋಗಲಿಲ್ಲ. ಒಳಗಿನಿಂದ ಶ್ರೀಮಂತ, “ಮೇಡಂಗ ಲಿಂಬು ಶರಬತ್ ಕೊಡ್ರೋ,” ಎಂದು ಕೂಗುತ್ತಿದ್ದ.

ಕೆಲಸ ಬಿಟ್ಟಳು. ಬಬಲೇಶ್ವರದ ತಾಲೂಕು ಕಚೇರಿಗೆ ಹೋಗಿ, ಸಭೆಯಲ್ಲಿ ಹೆಂಗಸರ ಬಾಯಿ ಮುಚ್ಚಿಸಲು ತನ್ನ ವರದಿ ಬಳಸಿದ್ದಾರೆ, ಸಭೆಯನ್ನು ಮತ್ತೆ ನಡೆಸಿ ಎಂದು ಕೇಳಿದಳು. ಅಲ್ಲಿದ್ದವನು ತಾಳ್ಮೆಯಿಂದ ಕೇಳಿ, “ನಿಮ್ಮ ವರದಿ ನಮ್ಮಲ್ಲಿ ಬಂದ ಇಲ್ರಿ. ಇಲ್ಲದ್ದನ್ನ ಹೆಂಗ ಕೇಳೂಣು? ಅತ್ತಿಗಿ-ಮೈದುನ ಜಗಳಾಡಿದ್ರ ಸರಕಾರ ಏನ ಮಾಡತೈತಿ?” ಎಂದ.

ಗಾಯರಾಣದಲ್ಲಿ ಬೇಲಿಯ ಕಂಬ ನೆಡುವ ಹೊತ್ತಿಗೆ ಅವಳಿಗೆ ಮಮದಾಪುರಕ್ಕೆ ಹೋಗುವ ಧೈರ್ಯ ಬಂತು. ಕುರಿಗಳನ್ನು ಈಗ ದೂರದ, ಹುಲ್ಲು ಸರಿಯಾಗಿ ಬೆಳೆಯದ ಕರಲು ಭೂಮಿಗೆ ಹೊಡೆದುಕೊಂಡು ಹೋಗಬೇಕಿತ್ತು. ರಾಚವ್ವ ಮನೆ ಮುಂದಿನ ಬೇವಿನ ಗಿಡದ ಕೆಳಗೆ ಕೂತಿದ್ದಳು, ಜೊತೆಗೆ ನೆರೆಯ ಪರಸವ್ವ ಮತ್ತು ಓಣಿಯ ಕೆಲವು ಹೆಂಗಸರು. ಒಳಗೆ ಬಾ ಎನ್ನಲಿಲ್ಲ.

“ತಪ್ಪಾಗೈತಿ ರಾಚವ್ವಾ,” ಎಂದಳು ತಬಸ್ಸುಮ.

“ಕುಂಡ್ರು.” ರಾಚವ್ವ ಎದುರಿನ ಮಣ್ಣು ತೋರಿಸಿದಳು. “ಚಳಿಗಾಲ ಪೂರಾ ನೀ ಕೇಳಿದಿ, ನಾ ಹೇಳಿದೆ. ಇವತ್ತ ನಾ ಕೇಳತೇನಿ. ಗಂಡ ಯಾಕ ಬಿಟ್ಟ?”

ಹೆಂಗಸರು ಹತ್ತಿರ ಸರಿದರು. ತಬಸ್ಸುಮ ಹೇಳಿದಳು. ಅವನಿಗೆ ತನ್ನ ಓದು ಹಿಡಿಸಲಿಲ್ಲ, ತನಗೆ ಅವನ ಅಕ್ಕಂದಿರು ಹಿಡಿಸಲಿಲ್ಲ ಎಂದಳು. ಪರಸವ್ವ ಮುಸಿಮುಸಿ ನಕ್ಕಳು.

“ಮನ್ಯಾಗ ಯಾರದಾರ?”

“ಅಮ್ಮ. ಹಾಸಿಗಿ ಹಿಡದಾಳ.”

“ಆಕೀನ್ನ ನೋಡಿದ್ರ ನಿನಗ ಹೆಂಗ ಅನಸ್ತೈತಿ? ಮಂದಿ ಮುಂದ ಹೇಳೂ ಮಾತ ಬ್ಯಾಡ. ಖರೇ ಹೇಳು.”

ತಬಸ್ಸುಮ ನೆಲ ನೋಡಿದಳು. ದೂರದಲ್ಲಿ ಕಬ್ಬಿಣದ ಕಂಬಕ್ಕೆ ಸುತ್ತಿಗೆ ಬೀಳುವ ಸದ್ದು ಕೇಳುತ್ತಿತ್ತು. ಎದ್ದು ಹೋಗಬಹುದಿತ್ತು. ಹೋಗಲಿಲ್ಲ.

“ಒಮ್ಮೊಮ್ಮಿ... ಲಗೂನ ಸಾಯಬಾರದಾ ಅನಸ್ತೈತ್ರಿ. ಹೇಲು ಉಚ್ಚಿ ಬಳದು ಬಳದು ಸಾಕಾಗೈತಿ. ಉಣಸೂ ಹೊತ್ತಿನ್ಯಾಗ ಚಮಚಾ ಬಾಯಾಗ ಜೋರ ತುರಕತೇನಿ. ಆಕಿಗೆ ಗೊತ್ತಾಗತೈತಿ. ಏನೂ ಅನ್ನೂದಿಲ್ಲ.”

ಯಾರೂ ನಗಲಿಲ್ಲ. ಹೇಳಿದ ಮೇಲೆ ಹಗುರವೂ ಆಗಲಿಲ್ಲ. ತುಂಬಿದ ಓಣಿಯಲ್ಲಿ ತನ್ನ ಸೀರೆ ತಾನೇ ಬಿಚ್ಚಿ ನಿಂತಂತಾಯಿತು.

ರಾಚವ್ವ ಬಹಳ ಹೊತ್ತು ಅವಳ ಮುಖ ನೋಡಿದಳು. “ಇಬ್ರಾಹಿಂಪುರಕ್ಕ ಬಂದು, ನಿಮ್ಮ ಓಣ್ಯಾಗ ನಿಂತು ಇದನ್ನ ಹೇಳ್ಲೇನು?”

“ಹೇಳ್ರಿ.”

“ಹೇಳೂದಿಲ್ಲ.” ರಾಚವ್ವ ಪಕ್ಕಕ್ಕೆ ಉಗುಳಿದಳು. “ಅಂಥಾ ಕೆಲಸಕ್ಕ ನನಗ ಹೇಸಿಗಿ ಬರತೈತಿ. ಏಳು, ಬಸ್ಸಿನ ಹೊತ್ತಾತು.”

ತಬಸ್ಸುಮ ಎದ್ದು ಮಣ್ಣು ಝಾಡಿಸಿಕೊಂಡಳು. ಲಕ್ಷ್ಮಿಯ ಸುದ್ದಿ ಕೇಳಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡಳು. ನಿಲ್ದಾಣದ ತನಕದ ದಾರಿ ಉದ್ದಕ್ಕೂ ಕಟ್ಟೆಗಳ ಮೇಲೆ, ಬಾಗಿಲುಗಳಲ್ಲಿ ಜನ ಕೂತಿದ್ದರು. ಒಬ್ಬರೂ ಮಾತಾಡಿಸಲಿಲ್ಲ. ಆದರೆ ಅವಳು ಹೇಗೆ ನಡೆಯುತ್ತಾಳೆ, ಸೆರಗನ್ನು ಎಷ್ಟು ಸಲ ಸರಿಮಾಡಿಕೊಳ್ಳುತ್ತಾಳೆ, ಕಣ್ಣು ಒರೆಸಿಕೊಳ್ಳುತ್ತಾಳೋ ಇಲ್ಲವೋ ಎಂಬುದನ್ನೆಲ್ಲ ಎಲ್ಲರೂ ನೋಡುತ್ತಿದ್ದರು.