ಮುನ್ನೂರ ಹದಿನೆಂಟನೇ ಪುಟ

ಬಟ್ಟೆಗೆ ಬಣ್ಣ ಹಾಕುವ ಆ ಮಿಲ್ಲಿನಲ್ಲಿ ಕೆಲಸಗಾರರ ಫೋನುಗಳನ್ನು ಗೇಟಿನಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ. ಹಾಗಾಗಿ ಕೆಲಸಗಾರರ ವೆಬ್‌ಸೈಟಿನ ಸುದ್ದಿ ಒಳಗೆ ಹರಡುವುದು ಬಾಯಿಂದ ಬಾಯಿಗೆ, ಬರೀ ನಂಬರಾಗಿ. "ನಲವತ್ತೆರಡು ನೋಡೇ, ಕೈ ಸುಟ್ರೆ ಏನ್ಮಾಡ್ಬೇಕು ಅಂತ ಇದೆ." ಕೇಳಿದವಳು ರವಿಕೆ ತೋಳಿನ ಒಳಮಡಿಕೆಯ ಮೇಲೆ, ಬಟ್ಟೆಗೆ ಗುರುತು ಹಾಕುವ ಬಣ್ಣದ ಪೆನ್ಸಿಲಿನಲ್ಲಿ ಗೀಚಿಕೊಳ್ಳುತ್ತಾಳೆ, ಮನೆಗೆ ಹೋಗಿ ಸೈಟಿನ ವಿಳಾಸದ ಕೊನೆಗೆ ಆ ನಂಬರು ಒತ್ತುತ್ತಾಳೆ. ಈ ಸೈಟಿನ ಚರ್ಚಾಕಟ್ಟೆಯನ್ನು ಎಂಟು ವರ್ಷದಿಂದ ಕಟ್ಟಿ ಕಾಯ್ದವಳು ಹಬೆಕೋಣೆಯ ಕೆಲಸದವಳು. ಉಗುರಿನ ನೀಲಿ ಯಾವ ಸೋಪಿಗೂ ಬಗ್ಗದ್ದರಿಂದ ಎಲ್ಲರ ಬಾಯಲ್ಲೂ ನೀಲಕ್ಕ.

ಸೈಟು ಕೆಲಸಗಾರರ ಸಂಘದ ಹೆಸರಿನಲ್ಲೇ ಇದ್ದರೂ ಸಂಘದ ಕಾರ್ಯದರ್ಶಿಗಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಇಸ್ತ್ರಿ ಕೆಟ್ಟೀತೆಂದು ಹಬೆಕೋಣೆಗೆ ಕಾಲಿಡದ ಬಿಳಿ ಅಂಗಿಯ ಮನುಷ್ಯ. ಬೆಳಿಗ್ಗೆ ಹತ್ತಕ್ಕೆ ನೀಲಕ್ಕ ಸಂಘದ ಕಚೇರಿಗೆ ಬಂದಾಗ ಅವರು ಅಳಿಯನ ಬೆನ್ನು ತಟ್ಟುತ್ತಿದ್ದರು.

"ನೋಡಮ್ಮ, ನಮ್ಮ ಅಳಿಯಂದಿರು ಸೈಟನ್ನೇ ಬದಲಾಯಿಸಿಬಿಟ್ರು. ವಿಳಾಸದಲ್ಲಿ ಇನ್ನು ನಂಬರಿಲ್ಲ, ಬರೀ ಪದ. ಜಗತ್ತಲ್ಲಿ ಯಾರೇ ಹುಡುಕಲಿ, ಮೊದಲು ಸಿಗೋದು ನಾವೇ!"

ನೀಲಕ್ಕ ತನ್ನ ಫೋನಿನಲ್ಲಿ ಮುನ್ನೂರ ಹದಿನೆಂಟು ಒತ್ತಿದಳು. 'ಪುಟ ಸಿಗಲಿಲ್ಲ' ಎಂದು ಬಂತು.

ಅದು ಅವಳ ನಾದಿನಿ ಬರೆದ ಪುಟ. ಮಾಸ್ಕ್ ಕೇಳಿದ್ದಕ್ಕೆ ಬೈದು ಗೇಟಿನಾಚೆ ನಿಲ್ಲಿಸಿದ್ದನ್ನು ದಿನಾಂಕದ ಸಮೇತ ಬರೆದಿದ್ದಳು. ಕೆಳಗೆ ನಲವತ್ತು ಜನ 'ನಮಗೂ ಹೀಗೇ ಆಯಿತು' ಎಂದು ಸೇರಿಸಿದ್ದರು. ಈಗ ನಾದಿನಿ ಮೂರು ಮೆಟ್ಟಿಲು ಹತ್ತಿದರೆ ಉಸಿರು ಸಾಲದೆ ಗೋಡೆ ಹಿಡಿದು ನಿಲ್ಲುತ್ತಾಳೆ. ಆ ಕಾಯಿಲೆ ಮಿಲ್ಲಿನದೇ ಎಂಬ ದೂರಿನಲ್ಲಿ ಸಾಕ್ಷಿಯಾಗಿ ಬರೆದದ್ದು ಈ ನಂಬರನ್ನೇ. ಹನ್ನೊಂದಕ್ಕೆ ಎದುರು ಬೀದಿಯ ಲೇಬರ್ ಆಫೀಸಿನಲ್ಲಿ ವಿಚಾರಣೆ. ಪುಟ ತೆರೆಯದಿದ್ದರೆ ಅಂಥದ್ದೊಂದು ಇರಲೇ ಇಲ್ಲ ಎಂದು ಮಿಲ್ಲಿನ ವಕೀಲ ಕೈ ಕೊಡವಿಕೊಳ್ಳುತ್ತಾನೆ.

"ಹಳೇ ನಂಬರಿಗೆ ಬಂದೋರನ್ನ ಹೊಸ ವಿಳಾಸಕ್ಕೆ ಕಳಿಸೋ ರೂಲ್ ಎಲ್ಲಿ?"

"ಅದೆಲ್ಲ ಆಮೇಲೆ ಮೇಡಂ," ಎಂದ ಅಳಿಯ, ಕುರ್ಚಿಯಲ್ಲಿ ಅರ್ಧ ಮಲಗಿ. "ಹಳೇ ನಂಬರ್ ಯಾರಿಗೆ ಬೇಕು? ಇದ್ರೆ ವಿಳಾಸದ ಲುಕ್ಕೇ ಹಾಳು."

"ಮನೆ ಬದಲಾಯಿಸಿ ಹಳೇ ಬಾಗಿಲಿಗೆ ಒಂದು ಚೀಟಿನೂ ಅಂಟಿಸಿಲ್ಲ. ನಿಮ್ಮನ್ನ ಎಕ್ಸ್‌ಪರ್ಟ್ ಅಂದೋರಿಗೆ ದೊಡ್ಡ ನಮಸ್ಕಾರ."

"ಅಳಿಯಂದಿರ ಹತ್ರ ಹಾಗೆಲ್ಲ ಮಾತಾಡಬಾರದಮ್ಮ. ಓದಿದೋರು ಅವರು."

"ನಮ್ಮ ಸೈಟಲ್ಲಿ ಒಂದೇ ಒಂದು ಪುಟ ಓದಿದಾರಾ, ಕೇಳಿ."

ಮಾವ ಅಳಿಯನನ್ನು ನೋಡಿದರು, ಅಳಿಯ ಫ್ಯಾನನ್ನು ನೋಡಿದ. ಬಡವರಿಗಾಗಿ ದುಡಿಯುತ್ತೇವೆಂದು ಎದೆ ತಟ್ಟಿಕೊಳ್ಳುವ ಈ ಮಂದಿಗೆ ಬಡವರು ಬರೆದದ್ದನ್ನು ಓದಲು ಮಾತ್ರ ಪುರುಸೊತ್ತಿಲ್ಲ.

"ಏಳಿ," ಎಂದಳು. ಅವನು ಎದ್ದ, ಕಂಪ್ಯೂಟರಿನ ಮುಂದೆ ಅವಳು ಕೂತಳು.

ಪದಗಳನ್ನು ಅವಳು ಅಳಿಸಲಿಲ್ಲ. ಉಪಾಯ ಒಳ್ಳೆಯದೇ, ಮಾಡಿದವನು ದಂಡಪಿಂಡ. ಪ್ರತಿ ವಿಳಾಸದಲ್ಲೂ ಪದಗಳ ಮುಂದೆ ನಂಬರನ್ನು ತಂದು ಕೂರಿಸಿದಳು. ಹಳೆಯ ದಾರಿಯಲ್ಲಿ ಬಂದವರನ್ನು ಹೊಸದಕ್ಕೆ ತಿರುಗಿಸುವ ಒಂದು ಸಾಲು ಬರೆದಳು. ಮೊದಲ ಸಲ ತಪ್ಪಿತು, ಇಡೀ ಸೈಟೇ ಬೆಳ್ಳಗಾಯಿತು. ಅಳಿಯ ಕಿಸಕ್ಕೆಂದ. ಎರಡನೇ ಸಲಕ್ಕೆ ಮುನ್ನೂರ ಹದಿನೆಂಟು ತೆರೆದುಕೊಂಡಿತು. ಹನ್ನೊಂದಕ್ಕೆ ಆರು ನಿಮಿಷ ಬಾಕಿ.

ಮೆಟ್ಟಿಲಿಳಿಯುವಾಗ ಅವಳು ಕಾರ್ಯದರ್ಶಿಗಳ ಕೈ ಹಿಡಿದು, ಅವರು ಅಯ್ಯೋ ಅನ್ನುವಷ್ಟರಲ್ಲಿ, ಬಿಳಿ ಅಂಗಿತೋಳಿನ ಒಳಮಡಿಕೆಗೆ ಬಣ್ಣದ ಪೆನ್ಸಿಲಿನಿಂದ ನಂಬರು ಗೀಚಿದಳು.

"ಯಾವ ಪುಟ ರೀ?" ವಿಚಾರಣೆಯಲ್ಲಿ ಲೇಬರ್ ಆಫೀಸರ್ ಕೇಳಿದರು.

ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು ಎದ್ದರು. "ಅದು ಸರ್... ಆರೋಗ್ಯದ್ದು. ಯಾರೇ ಹುಡುಕಲಿ, ಮೊದಲು ನಮ್ದೇ..."

"ತೋಳು ನೋಡಿ ಹೇಳಿ," ಎಂದಳು ನೀಲಕ್ಕ.

ಅವರು ತೋಳು ಮಗುಚಿ, ಮಗ್ಗಿ ಒಪ್ಪಿಸುವ ಮಗುವಿನಂತೆ ಓದಿದರು. ಆಫೀಸರ್ ನಂಬರು ಒತ್ತಿ, ಪರದೆಯ ತುದಿಯಲ್ಲಿದ್ದ ವಿಳಾಸವನ್ನೇ ಗಟ್ಟಿಯಾಗಿ ಓದಿದರು: "ಮುನ್ನೂರ ಹದಿನೆಂಟು, ಮಾಸ್ಕ್ ಕೇಳಿದ್ದಕ್ಕೆ ಗೇಟಿನಾಚೆ ನಿಲ್ಲಿಸಿದರು." ಆಮೇಲೆ ಕೆಳಗಿನ ನಲವತ್ತು ಹೆಸರುಗಳನ್ನು ಒಂದೊಂದಾಗಿ ಬರೆಸಿಕೊಳ್ಳತೊಡಗಿದರು. ಮಿಲ್ಲಿನ ವಕೀಲ ಮೂಗಿನ ಮೇಲಿದ್ದ ಕನ್ನಡಕವನ್ನು ಜೇಬಿನಲ್ಲಿ ಹುಡುಕುತ್ತಿದ್ದ.

"ಇದು ಒಗೆದ್ರೆ ಹೋಗುತ್ತೇನಮ್ಮ?" ಕಾರ್ಯದರ್ಶಿಗಳು ತೋಳನ್ನೇ ನೋಡುತ್ತ ಪಿಸುಗುಟ್ಟಿದರು.

ನೀಲಕ್ಕ ತನ್ನ ಹತ್ತೂ ನೀಲಿ ಉಗುರುಗಳನ್ನು ಅವರ ಮುಖದ ಮುಂದೆ ಹಿಡಿದಳು.